ಆರು ಹನ್ನೆರಡರ ಸೈರನ್

ಮೇ 6, ಮಂಗಳವಾರ. ಚಳ್ಳಕೆರೆ. ಬೆಳಿಗ್ಗೆ 8.15

ಎಂಟರ ಸೈರನ್ ಎಂಟಕ್ಕೇ ಒತ್ತಿದೆ. ಕೂಗು ಸಣ್ಣಗಾಗಿದೆ. ಗೇಟಿನಾಚೆಯ ಟೀ ಅಂಗಡಿಗೇ ಸರಿಯಾಗಿ ಕೇಳುವುದಿಲ್ಲ. ಪುಸ್ತಕದಲ್ಲಿ ಬರೆದೆ — 8.00, ಒಂದು ನಿಮಿಷ, ಸದ್ದು ಕಡಿಮೆ. ಈ ಎಣ್ಣೆ ಮಿಲ್ಲಿಗೆ ಗುಮಾಸ್ತನಾಗಿ ಬಂದು ಇಪ್ಪತ್ತಾರು ವರ್ಷ. ಎಂಟು, ಒಂದು, ಎರಡು, ಐದೂವರೆ. ಪ್ರತಿಯೊಂದು ಸೈರನ್ನೂ ಬರೆದಿಟ್ಟಿದ್ದೇನೆ. ಯಾರೂ ತೆರೆದು ನೋಡಿದ್ದಿಲ್ಲ.

ಸಂಜೆ

ಮೋಟಾರ್ ರಿವೈಂಡಿಂಗ್ ಅಂಗಡಿಯ ಅಜ್ಮತ್ ಬಂದಿದ್ದ. ಮಾಡು ಹತ್ತಿ ಬೇರಿಂಗ್ ಬದಲಾಯಿಸಿದ. ಮೇಲಿನಿಂದಲೇ ಕೂಗಿದ, "ಏನ್ರಿ ರೈಟ್ರೇ, ಇದ್ಕೂ ನಿಮ್ ಥರಾನೇ ಗಂಟ್ಲು ಕಟ್ಟಿತ್ತು. ಈಗ ನೋಡ್ರಿ, ಬಳ್ಳಾರಿ ರೋಡ್‌ವರ್ಗೂ ಕೇಳ್ತೈತೆ."

ಒತ್ತಿ ನೋಡಿದೆ. ನಿಜ. ಅಂಗಳದಲ್ಲಿ ಶೇಂಗಾ ಆರಿಸುತ್ತಿದ್ದ ಮಂಜಮ್ಮ ಎರಡೂ ಕಿವಿ ಮುಚ್ಚಿಕೊಂಡಳು. "ಲೇ ಅಜ್ಮತ್, ಸತ್ತೋರ್ನ ಎಬ್ಬುಸ್ತೀಯೇನಲೇ!"

ಅಜ್ಮತನ ಅಪ್ಪ ರಸೂಲ್ ಸಾಬರೇ ಆ ಸೈರನ್ ಕೂರಿಸಿದ್ದು, ನಾನು ಬರುವುದಕ್ಕೂ ಮೊದಲು. ರಂಜಾನಿನಲ್ಲಿ ಸಂಜೆ ಉಪವಾಸ ಬಿಡುವ ಹೊತ್ತಿಗೆ ಅವರಿಗಾಗಿ ಒಂದು ಒತ್ತು ಹೆಚ್ಚು ಒತ್ತುತ್ತೇನೆ. ಕ್ಯಾಲೆಂಡರಿನ ನಿಮಿಷಕ್ಕೆ. "ನಿಮ್ ಟೈಮ್ ಅಂದ್ರೆ ಟೈಮ್ ರೈಟ್ರೇ" ಎನ್ನುತ್ತಾರೆ. ಯಾರಾದರೂ ನನ್ನನ್ನು ಹೊಗಳುವುದು ವರ್ಷಕ್ಕೆ ಅದೊಂದೇ ತಿಂಗಳು.


ಮೇ 7, ಬುಧವಾರ. ಬೆಳಿಗ್ಗೆ 7

ರಾತ್ರಿ ಗಡಿಯಾಚೆ ನಮ್ಮವರ ದಾಳಿ. ಟಿವಿ ಆರಿಸಲು ಹೆಂಡತಿ ಚೌಡೇಶ್ವರಿ ಬಿಡುತ್ತಿಲ್ಲ.

ಟೀ ಅಂಗಡಿಯಲ್ಲಿ ಒಬ್ಬ ಫೋನ್ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದ. ಯಾರೋ ಮಾಡಿದ ನಕ್ಷೆ, ಬಾಂಬ್ ಬೀಳಬಹುದಾದ ಊರುಗಳಿಗೆ ಕೆಂಪು ಚುಕ್ಕೆಗಳು. "ನಮ್ಮೂರೂ ಲಿಸ್ಟಲ್ಲೈತೆ ನೋಡ್ರಲೇ! ಉಳ್ಳಾರ್ತಿ ಕಾವಲ್ ಕಡೆ ಮಿಲಿಟ್ರಿಯೋರು ಅಷ್ಟೆಲ್ಲಾ ಕಟ್ಟವ್ರಲ್ಲ, ಸುಮ್ನೆ ಬಿಡ್ತಾರಾ? ಬೆಂಗ್ಳೂರು ಬಿಟ್ರೆ ನಾವೇ."

"ದುರ್ಗ ಐತಾ?"

"ದುರ್ಗ ಇಲ್ಲ."

"ದಾವಣಗೆರೆ?"

"ಅದೂ ಇಲ್ಲ."

ದಾವಣಗೆರೆ ಇಲ್ಲವೆಂದಾಗ ಅವನ ಮುಖದಲ್ಲಿ ಇದ್ದದ್ದು ಭಯವೆಂದು ಹೇಳಲಾರೆ.

ಪೇಪರಿನಲ್ಲಿ ಉಪಯುಕ್ತವಾದದ್ದು ಒಂದೇ. ಸೈರನ್ ಏರಿಳಿದು ಕೂಗಿದರೆ — ಅಪಾಯ. ಒಂದೇ ಸಮನೆ ಎರಡು ನಿಮಿಷ ಕೂಗಿದರೆ — ಅಪಾಯ ಕಳೆದಿದೆ. ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕಿ ಕತ್ತರಿಸಿಟ್ಟುಕೊಂಡೆ.


ಮೇ 8, ಗುರುವಾರ. ಸಂಜೆ 6

ಒಂದು ಗಂಟೆಯ ಸೈರನ್‌ಗೆ ಎದುರು ಸಾಲಿನ ಮನೆಯವರು ಮಕ್ಕಳನ್ನು ಮಂಚದಡಿ ತಳ್ಳಿದರಂತೆ. ಊಟದ ಸೈರನ್‌ಗೆ! ಹುಟ್ಟಿದಾಗಿನಿಂದ ಕೇಳುತ್ತಿರುವ ಸೈರನ್‌ಗೆ!

ಸಾಹುಕಾರರ ಫೋನ್. ಮಾರುತೇಶ್ ಅವರಿಗೆ ಮೂವತ್ತೆರಡು ವರ್ಷ, ತಂದೆ ಹೋದ ಮೇಲೆ ಮಿಲ್ಲು ಅವರದು. "ಪಾಲಾಕ್ಷಪ್ಪಾ, ಸದ್ಯಕ್ಕೆ ಸೈರನ್ ಬೇಡ. ಜನ ಹೆದ್ರ್ಕಂಡವ್ರೆ."

"ಎಲ್ಲಿಯವರೆಗೆ?"

"ಎಲ್ಲಾ ಮುಗಿಯೋವರ್ಗೂ. ಆಮೇಲೆ ನೀನೇ ನೋಡಿ ಮಾಡು."

ಕಾವಲಿನ ಕಡೆಯಿಂದ ದಿನವೂ ಗುಂಯ್ ಎನ್ನುವ ವಿಮಾನದ ಸದ್ದು ಇರುತ್ತಿತ್ತು. ಇವತ್ತು ಇಲ್ಲ. ಸದ್ದಿದ್ದಾಗ ಯಾರೂ ತಲೆ ಎತ್ತುತ್ತಿರಲಿಲ್ಲ. ಈಗ ಎಲ್ಲರೂ ಆಕಾಶ ನೋಡುತ್ತಾರೆ. ನಾನೂ.

ಚೌಡೇಶ್ವರಿ ಎರಡು ಡಜನ್ ಮೇಣದಬತ್ತಿ, ಉಪ್ಪು, ಬೆಂಕಿಪೊಟ್ಟಣ ತಂದಿದ್ದಾಳೆ. ಕಿಟಕಿ ಗಾಜಿಗೆ ಹಳೇ ಪೇಪರ್ ಅಂಟಿಸಿದ್ದಾಳೆ. ನನ್ನ ವಾರಪತ್ರಿಕೆಗಳು. ಕೇಳಿದರೆ, "ಬಾಂಬ್ ಬಿದ್ಮೇಲೆ ಓದ್ತೀರಾ?" ಎಂದಳು.


ಮೇ 9, ಶುಕ್ರವಾರ. ಮಧ್ಯಾಹ್ನ 2.10

ಇವತ್ತು ಸೈರನ್ ಇಲ್ಲ. ಒಂದು ಗಂಟೆಗೆ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಆಳುಗಳು ಊಟಕ್ಕೆ ಏಳದೆ ನನ್ನ ಕಿಟಕಿ ನೋಡುತ್ತ ಕೂತಿದ್ದರು. ಹೊರಗೆ ಹೋಗಿ ಕೈ ಎತ್ತಿ ತೋರಿಸಬೇಕಾಯಿತು. ಬಾಯಿ ಬಿಟ್ಟು ಕರೆಯಲು ನಾಚಿಕೆ.

ಪೇಪರಿನ ಆ ತುಂಡನ್ನು ಗೇಟಿಗೆ ಅಂಟಿಸಿದೆ. ಹತ್ತು ಹದಿನೈದು ಜನ ನಿಂತು ಓದಿದರು. ಮಂಜಮ್ಮನೂ ಬಹಳ ಹೊತ್ತು ನಿಂತಿದ್ದಳು. ಒಳ್ಳೆಯದಾಯಿತು. ಗೊತ್ತಿರುವ ಜನ ಹೆದರುವುದು ಕಡಿಮೆ.

ಲೈಬ್ರರಿಯಿಂದ ತಂದ ಕಾದಂಬರಿ ಮುಗಿಯುತ್ತಿದೆ. ಬಾಂಬ್ ಬೀಳುತ್ತಿರುವ ಯಾವುದೋ ದೂರದ ಶಹರ. ಮೂಲದಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ ಬಂದದ್ದು. ಎರಡು ಸಲ ಹೊಳೆ ದಾಟಿದರೂ ಒಂದು ಪುಟ ಒದ್ದೆಯಾಗಿಲ್ಲ. ಅಪಾಯ ಕಳೆಯಿತೆಂದು ಸೈರನ್ ಆಗುತ್ತದೆ. ನೆಲಮಾಳಿಗೆಯಿಂದ ಒಬ್ಬ ಮುದುಕಿ ಮೇಲೆ ಬರುತ್ತಾಳೆ. ಅರ್ಧಕ್ಕೆ ಇಳಿಸಿಹೋಗಿದ್ದ ಹಾಲನ್ನು ಮತ್ತೆ ಒಲೆಯ ಮೇಲಿಡುತ್ತಾಳೆ. ಅಷ್ಟೇ. ಮೂರು ಸಲ ಓದಿದೆ.


ಮೇ 10, ಶನಿವಾರ. ಸಂಜೆ 6.08

ಯುದ್ಧ ನಿಂತಿತು! ಐದು ಗಂಟೆಯಿಂದಲೇ ನಿಂತಿದೆಯಂತೆ. ಈಗ ತಾನೇ ಫೋನಿನಲ್ಲಿ ಸುದ್ದಿ. ಎರಡು ಕಡೆ ನೋಡಿ ಖಚಿತ ಮಾಡಿಕೊಂಡೆ.

ಮಿಲ್ಲು ಖಾಲಿ. ಮೋಡ ಕವಿದಿದೆಯೆಂದು ಮಂಜಮ್ಮ ಒಬ್ಬಳೇ ಉಳಿದು ಚೀಲಗಳ ಮೇಲೆ ತಾಡಪಾಲು ಎಳೆಯುತ್ತಿದ್ದಾಳೆ. ರಸ್ತೆಯಲ್ಲಿ ಜನ ಇನ್ನೂ ಆಕಾಶ ನೋಡಿಕೊಂಡೇ ಹೋಗುತ್ತಿದ್ದಾರೆ. ಅವರಿಗೆ ಗೊತ್ತಿಲ್ಲ.

ಒಂದೇ ಸಮನೆ. ಎರಡು ನಿಮಿಷ. ಒತ್ತುತ್ತೇನೆ.


ಮೇ 13, ಮಂಗಳವಾರ. ಸಂಜೆ 7

ಮೂರು ದಿನ ಬರೆಯಲಿಲ್ಲ.

ಆದದ್ದನ್ನು ಆದ ಹಾಗೆ ಬರೆಯಬೇಕು.

6.12ಕ್ಕೆ ಒತ್ತಿದೆ. ಗಡಿಯಾರ ನೋಡುತ್ತ ಎರಡು ನಿಮಿಷ. ಮಾಡಿನ ಮೇಲೆ ಅದು ಕೂಗುವಾಗ ರೂಮಿನೊಳಗೆ ಬೇರೆ ಏನೂ ಕೇಳುವುದಿಲ್ಲ. ಬಿಟ್ಟೆ. ಪುಸ್ತಕದಲ್ಲಿ ಬರೆದೆ — 6.12, ಎರಡು ನಿಮಿಷ, ಅಪಾಯ ಕಳೆದಿದೆ. ಆಮೇಲೆ ಕೇಳಿಸಿತು.

ಶಟರ್‌ಗಳನ್ನು ಎಳೆಯುವ ಸದ್ದು. ಒಂದಾದ ಮೇಲೊಂದು, ಇಡೀ ಬೀದಿ. ಯಾರೋ "ಬಂತು, ಬಂತು" ಎಂದು ಕೂಗುತ್ತಿದ್ದರು. ಎರಡು ಸ್ಕೂಟರ್ ಡಿಕ್ಕಿ. ತರಕಾರಿ ಗಾಡಿ ರಸ್ತೆ ನಡುವೆ, ಗಾಡಿಯವನಿಲ್ಲ.

ಅಂಗಳದಲ್ಲಿ ಮಂಜಮ್ಮ ಬಿದ್ದಿದ್ದಳು. ಚೀಲದ ಒಟ್ಟಿಲಿನ ಮೇಲಿಂದ ಹಾರಿದ್ದಾಳೆ. ಹತ್ತಡಿ. ಬಲಗಾಲು ಮೊಣಕಾಲಿನ ಕೆಳಗೆ ಮುರಿದಿದೆ, ಪಕ್ಕೆಗೂ ಪೆಟ್ಟು. ಹದಿನೆಂಟು ವರ್ಷ ಇದೇ ಸೈರನ್‌ಗೆ ಬುತ್ತಿ ಬಿಚ್ಚಿದವಳು.

ನಾನು ಓಡಿ ಬಂದದ್ದನ್ನು ನೋಡಿದವರು, ಎಲ್ಲರಂತೆ ನಾನೂ ಸದ್ದು ಕೇಳಿ ಓಡಿಬಂದೆ ಅಂದುಕೊಂಡರು. ಅಲ್ಲ ಎನ್ನಲಿಲ್ಲ. ಅವಳನ್ನು ದುರ್ಗದ ಆಸ್ಪತ್ರೆಗೆ ಕಳಿಸುವ ಗಡಿಬಿಡಿಯಲ್ಲಿ ಯಾರೂ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ.

ಅದೇ ಸಂಜೆ ಗಡಿಯಲ್ಲಿ ಮತ್ತೆ ಡ್ರೋನ್ ಬಂದವೆಂದು ಟಿವಿ. ಅಷ್ಟು ಸಾಕಾಯಿತು. ಈಗ ಊರಿನಲ್ಲಿ ಕದನ ನಿಂತದ್ದನ್ನೇ ಯಾರೂ ನಂಬುವುದಿಲ್ಲ. ಒಬ್ಬ ಕಾವಲಿನ ಮೇಲೆ ಬೆಂಕಿ ನೋಡಿದ್ದಾನೆ. ಇನ್ನೊಬ್ಬನಿಗೆ ವಿಮಾನದ ರೆಕ್ಕೆಯ ಬಣ್ಣವೂ ಗೊತ್ತು.

ಪೊಲೀಸರು ಬಂದರು. ಸಾಹುಕಾರರು ನನ್ನ ಎದುರೇ ಹೇಳಿದರು, "ರಿಪೇರಿ ದೋಷ ಸಾರ್. ಅದ್ಕೆ ನಾಲ್ಕು ದಿನ ಮುಂಚೆ ಮೋಟಾರ್ ಬಿಚ್ಚಿದ್ರು. ಶಾರ್ಟ್ ಆಗಿ ತಾನೇ ಕೂಗೈತೆ."

"ಯಾರು ಬಿಚ್ಚಿದ್ದು?"

ಹೆಸರು ಹೇಳಿದರು. ಹೆಸರು ಬರೆದುಕೊಳ್ಳುವಾಗ ಆ ಪೊಲೀಸ್ ಪೆನ್ನು ಒಂದು ಗಳಿಗೆ ನಿಲ್ಲಿಸಿದ.

ಆಗ ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ವಾಕ್ಯ ಕೂಡ ಸಿದ್ಧವಿತ್ತು.


ಮೇ 15, ಗುರುವಾರ. ಮಧ್ಯಾಹ್ನ

ಅಜ್ಮತನನ್ನು ದಿನವೂ ಹತ್ತು ಗಂಟೆಗೆ ಸ್ಟೇಷನ್ನಿಗೆ ಕರೆಸುತ್ತಾರೆ. ಸಂಜೆ ಐದಕ್ಕೆ ಕಳಿಸುತ್ತಾರೆ. ಹೊಡೆದಿಲ್ಲ, ಬೈದಿಲ್ಲ. ಬೆಂಚಿನ ಮೇಲೆ ಕೂರಿಸುತ್ತಾರೆ, ಅಷ್ಟೇ. ಫೋನ್ ಇಟ್ಟುಕೊಂಡಿದ್ದಾರೆ. ಸಂತೆಗೆ ಬಂದವರೆಲ್ಲ ಇಣುಕಿ ನೋಡಿ ಹೋಗುತ್ತಾರಂತೆ.

ರಸೂಲ್ ಸಾಬರು ಮಿಲ್ಲಿನ ಗೇಟಿಗೆ ಬಂದಿದ್ದರು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಏನೋ ತಂದಿದ್ದರು. ಬಿಚ್ಚಿದರು. ಮಗ ತೆಗೆದಿದ್ದ ಹಳೇ ಬೇರಿಂಗ್.

"ನೋಡ್ರಿ ರೈಟ್ರೇ, ಹೆಂಗೆ ಸವ್ದೈತೆ. ಇದ್ನ ತೆಗ್ದು ಹೊಸದು ಹಾಕವ್ನೆ. ವೈರ್ ಮುಟ್ಟಿಲ್ಲ. ಅಲ್ಲಾ ಕಸಂ, ವೈರ್ ಮುಟ್ಟಿಲ್ಲ."

"ಗೊತ್ತು ಸಾಬ್ರೇ."

"ನೀವೊಂದು ಚೀಟಿ ಬರ್ಕೊಡ್ರಿ. ಕೆಲ್ಸ ಸರಿ ಮಾಡ್ದ ಅಂತ. ಯಾರ್ ಬರ್ದ್ರೂ ಬ್ಯಾಡ, ನೀವ್ ಬರೀರಿ. ನಿಮ್ ಟೈಮ್‌ನ ಊರೇ ನಂಬ್ತೈತೆ."

"ಸಾಹುಕಾರ್ರನ್ನ ಕೇಳಿ ಕೊಡ್ತೀನಿ" ಎಂದೆ.

ಬೇರಿಂಗನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು. ನನ್ನ ಕೈ ಜೇಬಿನಲ್ಲಿತ್ತು.


ಮೇ 16. ಸಂಜೆ

ಚೌಡೇಶ್ವರಿ ರೊಟ್ಟಿ ಬಡಿಯುತ್ತ, "ಆ ಅಜ್ಮತ್ ಬೇಕಂತಲೇ ಮಾಡವ್ನೆ ಅಂತಾರೆ. ನನಗೇನೋ ನಂಬ್ಕೆ ಇಲ್ಲ. ನಮ್ ಮಿಕ್ಸಿ ಎಷ್ಟು ಚೆನ್ನಾಗಿ ಮಾಡ್ಕೊಟ್ಟಿದ್ದ. ಆದ್ರೂ ಯಾರಿಗ್ ಗೊತ್ತು?" ಎಂದಳು.

"ಬೇಕಂತ ಯಾಕೆ ಮಾಡ್ತಾನೆ?"

"ಮತ್ಯಾಕೆ ಕೂಗ್ತು? ದೆವ್ವ ಒತ್ತಿತಾ?"

ರೊಟ್ಟಿ ತಿಂದೆ. ಎರಡು.


ಮೇ 18, ಭಾನುವಾರ. ಸಂಜೆ 5.30, ಮೊಳಕಾಲ್ಮೂರಿನಿಂದ ಬಂದ ಮೇಲೆ

ಮಂಜಮ್ಮನನ್ನು ಮಗಳ ಮನೆಗೆ ಕರೆದೊಯ್ದಿದ್ದಾರೆಂದು ತಿಳಿದು ಹೋಗಿದ್ದೆ. ಬಿ.ಜಿ. ಕೆರೆ ದಾಟುವವರೆಗೂ ಇಳಿದು ವಾಪಸ್ ಬಸ್ ಹತ್ತುವ ಯೋಚನೆ. ಮೋಸಂಬಿ ಚೀಲ ಮಡಿಲಲ್ಲಿತ್ತು, ಅದಕ್ಕಾಗಿ ಇಳಿಯಲಿಲ್ಲ.

ನೇಕಾರರ ಮನೆ. ನಡುಮನೆ ತುಂಬ ಕುಣಿಮಗ್ಗ. ಅಳಿಯ ಶಿವರಾಮ ಕುಣಿಯೊಳಗೆ ಕಾಲು ಇಳಿಬಿಟ್ಟು ರೇಷ್ಮೆ ನೇಯುತ್ತಿದ್ದ. ಮಗಳು ಶ್ರುತಿ ಅವ್ವನ ಜೊತೆ ತೆಲುಗಿನಲ್ಲಿ, ನನ್ನ ಜೊತೆ ಕನ್ನಡದಲ್ಲಿ.

"ಆ ನಾಕು ದಿನ ಬೀದಿ ಮಕ್ಳೆಲ್ಲಾ ನಮ್ ಕುಣಿಯೊಳ್ಗೇ ಸಾರ್" ಎಂದ ಶಿವರಾಮ. "ಇದೇ ಬಂಕರ್ ಅಂತೆ. ನಾನ್ ಕಾಲು ಎಲ್ಲಿ ಇಡ್ಲಿ? ಯುದ್ಧ ಮುಗಿಯೋವರ್ಗೂ ಸೀರೆ ಒಂದು ಗೇಣು ಮುಂದಕ್ ಹೋಗ್ಲಿಲ್ಲ."

ಶ್ರುತಿ ಟೀಗೆ ಹಾಲು ತರಲು ಹೋದಳು. ಮಗ್ಗದ ಸದ್ದಿಗೆ ನಮ್ಮ ಮಾತು ಶಿವರಾಮನಿಗೆ ಕೇಳುವಂತಿರಲಿಲ್ಲ. ಮಂಜಮ್ಮ ದಿಂಬಿಗೆ ಒರಗಿಕೊಂಡೇ ಕೇಳಿದಳು, "ಯಾಕ್ ಒತ್ತಿದ್ರಿ ರೈಟ್ರೇ?"

ನಾನು ಮೋಸಂಬಿ ನೋಡಿದೆ.

"ಮ್ಯಾಲ್ ನಿಂತಿದ್ನಲ್ಲ, ನಿಮ್ ಕಿಟಕಿ ಕಾಣ್ತಿತ್ತು. ಗಡಿಯಾರ ನೋಡ್ಕಂಡು ಒತ್ಕಂಡು ನಿಂತಿದ್ರಿ. ರೈಟ್ರೇ ಒತ್ತವ್ರೆ ಅಂದ್ರೆ ಸುಮ್ನೆ ಒತ್ತಲ್ಲ, ಬಾಂಬ್ ಬಂದೇ ಬಂತು ಅಂತ ಹಾರ್ದೆ."

ನನ್ನನ್ನು ನಂಬಿ ಹಾರಿದ್ದಾಳೆ.

"ಯುದ್ಧ ನಿಂತಿತು ಅಂತ ಹೇಳೋಕೆ ಒತ್ತಿದೆ" ಎಂದೆ. "ಒಂದೇ ಸಮನೆ ಕೂಗಿದ್ರೆ ಅಪಾಯ ಇಲ್ಲ ಅಂತ. ಗೇಟಿಗೆ ಅಂಟಿಸಿದ್ನಲ್ಲ. ನೀನೂ ಓದಿದೆಯಲ್ಲ ಮಂಜಮ್ಮ."

"ನಂಗೆಲ್ಲಿ ಅಕ್ಷರ ಬರ್ತಾವೆ! ಎಲ್ರೂ ನಿಂತಿದ್ರು, ನಾನೂ ನಿಂತ್ಕಂಡೆ."

ಹದಿನೆಂಟು ವರ್ಷ. ಅವಳಿಗೆ ಓದಲು ಬಾರದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅವಳು ನಗಲು ಶುರುಮಾಡಿದಳು. ಪಕ್ಕೆ ಹಿಡಿದುಕೊಂಡು, ನೋವಿಗೆ ಮುಖ ಕಿವುಚಿಕೊಂಡು, ಆದರೂ ನಗು. "ಅಯ್ಯೋ ನಿಮ್ಮ! ಯುದ್ಧ ನಿಂತಿದ್ಕೆ ನನ್ ಕಾಲ್ ಮುರುದ್ರಾ? ಕೆಳ್ಗೆ ಬಂದು ಮಂಜಮ್ಮಾ ನಿಂತೋಯ್ತು ಕಣೇ ಅಂತ ಒಂದು ಕೂಗು ಹಾಕ್ಬಾರ್ದಿತ್ತಾ? ಬಾಯಲ್ಲಿ?"

ನಾನು ಅಜ್ಮತನ ವಿಷಯ ಹೇಳಿದೆ. ನಗು ನಿಲ್ಲಿಸಿದಳು. ಮಗ್ಗದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಯಾರ್ಗೂ ಹೇಳಿಲ್ಲ ನಾನು. ನಮ್ ಶ್ರುತಿಗೂ ಹೇಳಿಲ್ಲ. ನೀವೂ ಬಾಯ್ಬಿಡ್ಬ್ಯಾಡ್ರಿ. ನಿಮ್ ಕೆಲ್ಸ ಹೋಗ್ತೈತೆ, ಮರ್ಯಾದಿ ಹೋಗ್ತೈತೆ. ಅಜ್ಮತ್‌ಗೇನು, ನಾಕು ದಿನ ಕೂರುಸ್ತಾರೆ, ಬಿಡ್ತಾರೆ. ಅವ್ರಿಗೆ ಅಭ್ಯಾಸ ಇರ್ತೈತೆ."

ಒಳ್ಳೆಯ ಹೆಂಗಸು. ಕಾಲು ಮುರಿದುಕೊಂಡು ನನ್ನನ್ನು ಉಳಿಸುತ್ತಿದ್ದಾಳೆ. ಆ ಕೊನೆಯ ಮಾತನ್ನೂ ಅದೇ ಪ್ರೀತಿಯಿಂದ ಹೇಳಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು. ಅಭ್ಯಾಸ ಇರ್ತೈತೆ.


ಮೇ 19, ಸೋಮವಾರ. ಸಂಜೆ 6.40

ಐದೂವರೆಗೆ ಮಿಲ್ಲು ಬಿಟ್ಟು ನೇರ ರಿವೈಂಡಿಂಗ್ ಅಂಗಡಿಗೆ ಹೋದೆ. ಸಾಮಾನ್ಯವಾಗಿ ಒಳಗೆ ಕಾಲಿಡಲು ಜಾಗವಿರುವುದಿಲ್ಲ, ಬೋರ್‌ವೆಲ್ ಮೋಟಾರ್‌ಗಳ ಸಾಲು. ಇವತ್ತು ನೆಲ ಕಾಣುತ್ತಿತ್ತು. ನಾಯಕನಹಟ್ಟಿ ಕಡೆಯ ಇಬ್ಬರು ರೈತರು ಒಂದು ಮೋಟಾರನ್ನು ಎತ್ತಿ ಟಂಟಂ ಆಟೋಗೆ ಹಾಕುತ್ತಿದ್ದರು. ತಂತಿ ಅರ್ಧ ಸುತ್ತಿದೆ. ಉಳಿದರ್ಧ ಹೊರಗೆ ಜೋತಾಡುತ್ತಿದೆ.

ಅಜ್ಮತ್ ಆ ತಂತಿಯನ್ನು ಸುರುಳಿ ಮಾಡಿ ಒಳಗೆ ತುರುಕಿಕೊಟ್ಟ. "ಇದು ಬಗ್ಗದಂಗೆ ತಗಂಡೋಗ್ರಿ. ಬೇರೆಯೋರು ಸುತ್ತೋವಾಗ ಎಂಬತ್ತೆರಡು ಸುತ್ತು ಆಗೈತೆ ಅಂತ ಹೇಳ್ರಿ."

ಅವರು ಅವನ ಮುಖ ನೋಡದೆ ಹೋದರು.

"ಬರ್ರಿ ರೈಟ್ರೇ. ಟೀ?"

"ಬೇಡಪ್ಪಾ."

ಆಮೇಲೆ ಅವನೇ, ಸ್ಪಾನರ್‌ಗಳನ್ನು ಒರೆಸಿ ಸಾಲಾಗಿ ಇಡುತ್ತ — "ಶಾರ್ಟ್ ಆದ್ರೆ ಫ್ಯೂಸ್ ಹೋಗ್ತೈತೆ ರೈಟ್ರೇ. ಇಲ್ಲಾಂದ್ರೆ ನಿಲ್ದೇ ಕೂಗ್ತೈತೆ. ಕರೆಕ್ಟಾಗಿ ಎರಡು ನಿಮಿಷ ಕೂಗಿ ನಿಂತ್ಕಳೋ ಶಾರ್ಟು ನಾನಂತೂ ನೋಡಿಲ್ಲ. ನಾನು ಎಣ್ಸಿದೀನಿ, ಅಂಗ್ಡೀಲಿ ಕೂತು. ಈ ಊರಲ್ಲಿ ಅಷ್ಟು ಕರೆಕ್ಟ್ ಇರೋರು ಯಾರವ್ರೆ?"

ನನ್ನ ಕಡೆ ನೋಡಲಿಲ್ಲ. ಸ್ಪಾನರ್ ನೋಡುತ್ತಲೇ ಹೇಳಿದ.

"ಸ್ಟೇಷನ್ನಲ್ಲಿ ಹೇಳಲಿಲ್ವಾ?"

"ನಾನ್ ಹೇಳಿದ್ರೆ? ತಾನ್ ಮಾಡಿ ಇನ್ನೊಬ್ರ ಮ್ಯಾಲೆ ಹಾಕ್ತಾನೆ ಅಂತಾರೆ. ಅದ್ಕೆ ಸುಮ್ನಿದೀನಿ." ಕೊನೆಯ ಸ್ಪಾನರ್ ಇಟ್ಟ. "ಅಬ್ಬಾಗೆ ಮಾತ್ರ ಹೇಳ್ಬ್ಯಾಡ್ರಿ. ಆ ಚೀಟಿಗೆ ಕಾಯ್ತವ್ರೆ, ದಿನಾ. ನಿಮ್ ಮ್ಯಾಲೆ ಬಾಳ ನಂಬ್ಕೆ."

ಏನೂ ಹೇಳದೆ ಎದ್ದು ಬಂದೆ. ಈಗಲೂ ಏನೂ ಹೇಳದೆ. ಐವತ್ತಾರು ವರ್ಷ ಇದನ್ನೇ ಗಾಂಭೀರ್ಯ ಎಂದುಕೊಂಡಿದ್ದೆ.


ಮೇ 20, ಮಂಗಳವಾರ. ಸಂಜೆ 6

ಸಾಹುಕಾರರು ರೂಮಿಗೆ ಬಂದರು. ಬಾಗಿಲು ಮುಂದೆ ಮಾಡಿದರು. ನನ್ನ ಸೈರನ್ ಪುಸ್ತಕ ತೆಗೆದು ಹತ್ತನೇ ತಾರೀಖಿನ ಪುಟಕ್ಕೆ ಬೆರಳಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಓದುಗ.

"ನಂಗೆ ಅವತ್ತೇ ಡೌಟ್ ಇತ್ತು ಪಾಲಾಕ್ಷಪ್ಪಾ. ನೀನು ಅಪ್ಪನ ಕಾಲದೋನು, ಬಿಟ್ಕೊಡಕಾಗ್ತೈತಾ? ರಿಪೇರಿ ದೋಷ ಅಂದ್ರೆ ಯಾರಿಗೂ ಏನಿಲ್ಲ ಅನ್ಕಂಡೆ."

"ಅಜ್ಮತ್‌ಗೆ ಆಗಿದೆಯಲ್ಲ."

"ತಣ್ಣಗಾಗ್ತೈತೆ ಬಿಡು. ನಾಳೆಯಿಂದ ಸೈರನ್ ಶುರು ಮಾಡು, ಎಂಟಕ್ಕೆ. ಜನ ಮರೀಬೇಕು. ಇದು ಹಳೇದಾಯ್ತು, ಹೊಸ ಪುಸ್ತಕ ತಗೋ. ಇದ್ನ ಬಾಯ್ಲರ್‌ಗೆ ಹಾಕ್ಬಿಡು."

ಹೊಸ ಪುಸ್ತಕ ಅವರೇ ತಂದಿದ್ದರು. ಕೆಂಪು ರಟ್ಟು.

ಹಳೆಯದನ್ನು ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಿದ್ದೇನೆ. ಬಾಯ್ಲರ್ ಬಾಗಿಲವರೆಗೆ ಹೋಗಿದ್ದೆ ಎಂಬುದನ್ನೂ ಬರೆಯಬೇಕು. ಹೋಗಿದ್ದೆ.


ಮೇ 21, ಬುಧವಾರ. ಬೆಳಿಗ್ಗೆ 5.50

ನಿದ್ದೆ ಇಲ್ಲ. ಆದರೆ ತಲೆ ಸ್ವಚ್ಛವಾಗಿದೆ.

ಎಂಟರ ಸೈರನ್ ಇವತ್ತು ನಾನು ಒತ್ತುವುದಿಲ್ಲ. ಎಂಟಕ್ಕೆ ರಸೂಲ್ ಸಾಬರ ಅಂಗಡಿ ಮುಂದೆ ಇರುತ್ತೇನೆ. ಚೀಟಿ ಅಲ್ಲ, ಪುಸ್ತಕವನ್ನೇ ಅವರ ಕೈಗೆ ಕೊಡುವುದು. 6.12, ಎರಡು ನಿಮಿಷ, ಅಪಾಯ ಕಳೆದಿದೆ — ಅಕ್ಷರ ನನ್ನದು, ಯಾರಿಗೂ ಅನುಮಾನ ಬೇಡ. ಹತ್ತಕ್ಕೆ ಅಜ್ಮತನ ಜೊತೆ ಸ್ಟೇಷನ್. ಆ ಬೆಂಚಿನ ಮೇಲೆ ಕೂರಬೇಕಾದರೆ ಕೂರುವುದು.

ಹೇಳಬೇಕಾದದ್ದನ್ನು ಹಾಳೆಯಲ್ಲಿ ಬರೆದುಕೊಳ್ಳಲು ಹೋದೆ. ನಾಲ್ಕು ಸಾಲು ಬರೆದು ಹರಿದೆ. ಓದಿ ಹೇಳುವುದಲ್ಲ. ಬಾಯಲ್ಲಿ ಹೇಳಬೇಕು.

ಅಡುಗೆಮನೆಯಲ್ಲಿ ದೀಪ ಹತ್ತಿತು. ಚೌಡೇಶ್ವರಿ ಎದ್ದಿದ್ದಾಳೆ, ಹಾಲು ಕಾಯಿಸುತ್ತಿದ್ದಾಳೆ. ಮೊದಲು ಅವಳಿಗೆ ಹೇಳಿ ಬರುತ್ತೇನೆ.